ಹೇತುವಿನಂತೆ ತೋರುವ ಹೇತು

ಸಾಹಿತ್ಯದ ಸ್ನಾತಕೋತ್ತರ ವಿದ್ಯಾರ್ಥಿಗೆ ಅಧ್ಯಾಪಕ ವೃತ್ತಿಯ ಬಾಗಿಲು ತೆರೆಯುವ ಯುಜಿಸಿ-ನೆಟ್ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆಗಳು, 100 ಅಂಕಗಳು. 2019ರಿಂದ ಜಾರಿಯಲ್ಲಿರುವ ಅದರ ಪಠ್ಯಕ್ರಮದಲ್ಲಿ ಪ್ರಮಾಣ, ವ್ಯಾಪ್ತಿ, ಹೇತ್ವಾಭಾಸಗಳೂ ಸೇರಿವೆ. ಹಳಗನ್ನಡ ಕಾವ್ಯವನ್ನು ನಿರಾಯಾಸವಾಗಿ ಓದಬಲ್ಲವರೂ ಇಲ್ಲಿ ಎಡವುವುದುಂಟು. ದೋಷಗಳ ಹೆಸರುಗಳು ಬಾಯಿಪಾಠವಾಗಿರುತ್ತವೆ; ದೋಷವನ್ನು ಹಿಡಿಯುವ ಬಗೆ ಮಾತ್ರ ತಿಳಿದಿರುವುದಿಲ್ಲ.

ಹೇತ್ವಾಭಾಸವೆಂದರೆ ಹೇತುವಿನಂತೆ ತೋರಿಯೂ ಹೇತುವಲ್ಲದ್ದು. ಇದರಲ್ಲಿ ನೈಯಾಯಿಕರು ಐದು, ಬೌದ್ಧರು ಮೂರು, 'ಪರೀಕ್ಷಾಮುಖ'ದ ಕರ್ತೃ ಮಾಣಿಕ್ಯನಂದಿ ನಾಲ್ಕು ಬಗೆಗಳನ್ನು ಹೇಳಿದರು. ಈ ಎಣಿಕೆಗಳ ನಡುವೆ ಸಮಾನವಾಗಿ ನಿಲ್ಲುವ ಮೂರನ್ನು ಮೂರು ಪ್ರಶ್ನೆಗಳಾಗಿ ಇಟ್ಟುಕೊಳ್ಳಬಹುದು. ಹೇಳಿದ ಹೇತು ನಿಜಕ್ಕೂ ಇದೆಯೇ? 'ಶಬ್ದ ಅನಿತ್ಯ, ಕಣ್ಣಿಗೆ ಕಾಣುವುದರಿಂದ' ಎಂದರೆ ಹೇತುವೇ ಇಲ್ಲ, ಅದು ಅಸಿದ್ಧ. ಹೇತು ಎದುರುಪಕ್ಷವನ್ನೇ ಸಾಧಿಸುತ್ತಿದೆಯೇ? 'ಶಬ್ದ ನಿತ್ಯ, ಉತ್ಪನ್ನವಾದುದರಿಂದ' ಎಂದರೆ ಅದು ವಿರುದ್ಧ. ಸಾಧ್ಯವಿಲ್ಲದ ಕಡೆಯೂ ಹೇತು ಇರಬಲ್ಲುದೇ? 'ಶಬ್ದ ಅನಿತ್ಯ, ಜ್ಞೇಯವಾದುದರಿಂದ' ಎಂದರೆ ನಿತ್ಯವಾದ ಆಕಾಶವೂ ಜ್ಞೇಯವೇ, ಅದು ಅನೈಕಾಂತಿಕ.

ಆದರೆ ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಹೇತು ಪಕ್ಷದಲ್ಲಿರಬೇಕು, ಸಪಕ್ಷದಲ್ಲಿರಬೇಕು, ವಿಪಕ್ಷದಲ್ಲಿ ಇರಬಾರದು ಎಂಬುದು ಬೌದ್ಧರ ತ್ರಿಲಕ್ಷಣ. 'ಹುಟ್ಟಲಿರುವ ಮಗು ಕಪ್ಪಾಗಿರುವುದು, ಮೈತ್ರನ ಮಗುವಾದುದರಿಂದ, ಅವನ ಇತರ ಮಕ್ಕಳಂತೆ' ಎಂಬ ಅನುಮಾನ ಈ ಮೂರನ್ನೂ ಪೂರೈಸುತ್ತದೆ. ಆದರೂ ಮಗು ಕಪ್ಪಾಗಿರಲೇಬೇಕೆಂಬ ನಿಯಮವಿಲ್ಲ. ಕೃತ್ತಿಕೆ ಉದಯಿಸಿದುದರಿಂದ ರೋಹಿಣಿ ಉದಯಿಸುವಳೆಂಬ ಅನುಮಾನದಲ್ಲಿ ಹೇತು ಪಕ್ಷವಾದ ರೋಹಿಣಿಯಲ್ಲಿಲ್ಲ. ಆದರೂ ಅನುಮಾನ ಸರಿ. ಆದ್ದರಿಂದ ಪಾತ್ರಸ್ವಾಮಿ ಲಕ್ಷಣ ಒಂದೇ ಎಂದರು: ಸಾಧ್ಯವಿಲ್ಲದೆ ಹೇತು ಸಂಭವಿಸಕೂಡದು. ಇದೇ ಅನ್ಯಥಾನುಪಪನ್ನತ್ವ. ಅವರ 'ತ್ರಿಲಕ್ಷಣಕದರ್ಥನ' ಇಂದು ಉಳಿದಿಲ್ಲ. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಪಾತ್ರಕೇಸರಿಯ ಹೆಸರಿನಲ್ಲಿ ಆ ಕೃತಿಯನ್ನು ನೆನೆಯುತ್ತದೆ; ಬೌದ್ಧ ಶಾಂತರಕ್ಷಿತ ಖಂಡಿಸಲೆಂದೇ 'ತತ್ತ್ವಸಂಗ್ರಹ'ದಲ್ಲಿ ಪಾತ್ರಸ್ವಾಮಿಯ ವಾದವನ್ನು ಎತ್ತಿಕೊಳ್ಳುತ್ತಾನೆ.

ನಾಲ್ಕು ಆಯ್ಕೆಗಳ ಮುಂದೆ ಕುಳಿತ ಅಭ್ಯರ್ಥಿ ಕೇಳಿಕೊಳ್ಳಬೇಕಾದುದೂ ಇದನ್ನೇ: ಈ ಆಧಾರ ನಿಜವಾಗಿದ್ದೂ ತೀರ್ಮಾನ ಸುಳ್ಳಾಗಬಹುದೇ? ಆಗಬಹುದಾದರೆ ವಾದ ಮುರಿದಂತೆ. ತೀರ್ಮಾನ ತನಗೆ ಪ್ರಿಯವೋ ಪರಿಚಿತವೋ ಎಂಬುದು ಅಲ್ಲಿ ಅಪ್ರಸ್ತುತ.

ಈ ಪ್ರಶ್ನೆಯ ಉಪಯೋಗ ಅಂಕಗಳಿಗೆ ಮುಗಿಯುವುದಿಲ್ಲ. 'ಹಸ್ತಪ್ರತಿ ಜೈನ ಭಂಡಾರದಲ್ಲಿ ದೊರೆತಿದೆ, ಆದ್ದರಿಂದ ಕರ್ತೃ ಜೈನ' ಎಂಬ ವಾದ ಸಂಶೋಧನೆಯಲ್ಲಿ ಸುಲಭವಾಗಿ ನುಸುಳುತ್ತದೆ. ಅದನ್ನು ಮುರಿಯಲು 'ತತ್ತ್ವಸಂಗ್ರಹ' ಒಂದೇ ಸಾಕು: ಜೈನ ವಾದವನ್ನು ಖಂಡಿಸುವ ಆ ಬೌದ್ಧ ಗ್ರಂಥದ ಸಂಸ್ಕೃತ ಮೂಲ ಉಳಿದುಬಂದುದು ಪಶ್ಚಿಮ ಭಾರತದ ಜೈನ ಭಂಡಾರಗಳಲ್ಲಿ. ಎದುರಾಳಿಯ ಗ್ರಂಥವನ್ನೂ ಕಾಪಿಟ್ಟ ಪರಂಪರೆಯ ಕುರಿತು ಅಂಥ ಅನುಮಾನ ಅನೈಕಾಂತಿಕವೇ ಸರಿ. ಪರೀಕ್ಷೆಯಲ್ಲಿ ತಪ್ಪು ಹೇತುವನ್ನು ಒಪ್ಪಿದವನು ಎರಡು ಅಂಕ ಕಳೆದುಕೊಳ್ಳುತ್ತಾನೆ. ಸಂಶೋಧನೆಯಲ್ಲಿ ಒಪ್ಪಿದವನು ಒಬ್ಬ ಕವಿಗೆ ಅವನದಲ್ಲದ ಮತವನ್ನು ಹಚ್ಚಿ, ಮುಂದಿನವರ ಅಡಿಟಿಪ್ಪಣಿಗಳಿಗೆ ಅದನ್ನು ದಾಟಿಸುತ್ತಾನೆ.