ಶಿವ ಖಿದ್ರಾಪುರದಲ್ಲಿ, ನಂದಿ ಯಡೂರಿನಲ್ಲಿ

ಚಿಕ್ಕೋಡಿ ತಾಲ್ಲೂಕಿನ ಯಡೂರು ವೀರಭದ್ರನ ಕ್ಷೇತ್ರ. ಕೃಷ್ಣೆಯ ದಂಡೆಯ ಈ ಊರಿಗೆ ಮಹಾರಾಷ್ಟ್ರದ ಭಕ್ತರೂ ನಡೆದುಕೊಳ್ಳುತ್ತಾರೆ. ಊರು ತೋರಿಸಲು ಬಂದಿದ್ದ ಹಿರಿಯರು ನಮ್ಮನ್ನು ನಂದಿಯ ಮುಂದೆ ನಿಲ್ಲಿಸಿ, "ಇವನ್ನ ನೆಪ್ಪಿಟ್ಕೋರಿ. ಮುಂದ ಖಿದ್ರಾಪುರದಾಗ ಕೇಳತೇನಿ" ಎಂದರು.

ಅಲ್ಲಿಂದ ಖಿದ್ರಾಪುರಕ್ಕೆ ಕಬ್ಬಿನ ಹೊಲಗಳ ನಡುವಿನ ದಾರಿ. ಗಡಿ ದಾಟಿದ್ದು ಅಂಗಡಿಗಳ ಬೋರ್ಡು ಮರಾಠಿಗೆ ತಿರುಗಿದ ಮೇಲೆಯೇ ಗೊತ್ತಾದದ್ದು.

ಖಿದ್ರಾಪುರ ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿಗೆ ಸೇರಿದೆ. ಹೊಳೆಯ ಆಚೆ ದಡದಲ್ಲಿ ನಮ್ಮ ಕಾಗವಾಡ ತಾಲ್ಲೂಕಿನ ಜುಗೂಳ. ಖಿದ್ರಾಪುರದ ಕೋಪೇಶ್ವರ ಗುಡಿ 12ನೇ ಶತಮಾನದ್ದು, ಶಿಲಾಹಾರರ ಕಾಲದ್ದು. ಒಳಗೆ ಕಾಲಿಟ್ಟೊಡನೆ ಸ್ವರ್ಗಮಂಟಪ. ತಲೆಯೆತ್ತಿದರೆ ಅಲ್ಲಿ ಚಾವಣಿಯೇ ಇಲ್ಲ! ಕಲ್ಲಿನ ದುಂಡು ಅಂಚಿನೊಳಗೆ ನೀಲಿ ಆಕಾಶ. ಅದರ ನೇರ ಕೆಳಗೆ, ನೆಲದಲ್ಲಿ ಅಷ್ಟೇ ದುಂಡಾದ ದೊಡ್ಡ ಹಾಸುಗಲ್ಲು. ಸುತ್ತ 48 ಕಂಬಗಳು. ಒಂದೇ ಕಂಬ ಬುಡದಲ್ಲಿ ಚೌಕವಾಗಿ, ಮೇಲೇರುತ್ತ ಎಂಟು ಮೂಲೆಯಾಗಿ, ಮತ್ತೆ ದುಂಡಗಾಗುತ್ತದೆ. ಬೆರಳಾಡಿಸಿದೆ, ಕರಿಕಲ್ಲಿನ ನುಣುಪು ಇಷ್ಟು ಶತಮಾನ ಕಳೆದರೂ ಮಾಸಿಲ್ಲ. ಒಳಸುತ್ತಿನ ಕಂಬಗಳ ಮೇಲುಭಾಗದಲ್ಲಿ ದಿಕ್ಪಾಲಕರು ತಮ್ಮ ತಮ್ಮ ವಾಹನಗಳೊಡನೆ ಇದ್ದಾರೆ. ರೋಮಿನ ಪ್ಯಾಂಥಿಯನ್ ಗುಮ್ಮಟಕ್ಕೂ ಇಂಥದೇ ತೆರೆದ ಕಣ್ಣಿದೆ, ಜಗತ್ತೇ ಅದನ್ನು ಬಲ್ಲದು. ಇದನ್ನು ಬೆಳಗಾವಿ ಜಿಲ್ಲೆಯವರೇ ಎಷ್ಟೋ ಜನ ನೋಡಿಲ್ಲ.

ಕಾರ್ತಿಕ ಹುಣ್ಣಿಮೆಯ ರಾತ್ರಿ ಚಂದ್ರ ಈ ಕಿಂಡಿಯ ನಡುನೆತ್ತಿಗೆ ಬರುತ್ತಾನೆ. ಅದನ್ನು ಕಾಣಲೆಂದೇ ಜನ ಸೇರುತ್ತಾರೆ.

ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು ಇಡೀ ಗುಡಿಯನ್ನು ಬೆನ್ನ ಮೇಲೆ ಹೊತ್ತು ನಿಂತಿದೆ. ಎಷ್ಟೋ ಆನೆಗಳ ಸೊಂಡಿಲು ಮುರಿದಿದೆ, ಮೇಲೆ ಕುಳಿತವರ ಮುಖ ಒಡೆದಿದೆ. ಕೊರಳ ಸರ, ಗಂಟೆ, ಜೂಲಿನ ಅಂಚು ಮಾತ್ರ ಇನ್ನೂ ಸ್ಪಷ್ಟ. ಗುಡಿಯಲ್ಲಿ ಶಾಸನಗಳೂ ಇವೆ. ಯಾದವ ದೊರೆ ಸಿಂಘಣನದು ಸಂಸ್ಕೃತದಲ್ಲಿದೆ. ಉಳಿದ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಮರಾಠಿ ಮಾತಿನ ಊರಿನಲ್ಲಿ ನಮ್ಮ ಹಳೆಯ ಅಕ್ಷರಗಳನ್ನು ಕಂಡಾಗ ಎದೆ ತುಂಬಿಬಂತು.

"ಈಗ ಹೇಳ್ರಿ, ನಂದಿ ಎಲ್ಲಿ?" ಹಿರಿಯರು ಕೇಳಿದರು. ಸುತ್ತೆಲ್ಲ ನೋಡಿದೆವು. ಶಿವನ ಗುಡಿ, ನಂದಿಯೇ ಇಲ್ಲ! ಅದಕ್ಕೊಂದು ಕಥೆಯಿದೆ. ತಂದೆ ದಕ್ಷನ ಯಜ್ಞಕ್ಕೆ ಹೊರಟ ಸತಿಯನ್ನು ಶಿವ ನಂದಿಯ ಮೇಲೆ ಕಳಿಸಿದ. ಅವಳು ಮರಳಲಿಲ್ಲ. ಸಿಟ್ಟಿಗೆದ್ದ ಶಿವ ಇಲ್ಲಿ ಕೋಪೇಶ್ವರನಾದ. ಸಮಾಧಾನ ಮಾಡಲು ಬಂದ ವಿಷ್ಣು ಪಕ್ಕದಲ್ಲೇ ಧೋಪೇಶ್ವರನೆಂಬ ಲಿಂಗವಾಗಿ ನೆಲೆಸಿದ. ನಂದಿ ಯಡೂರಿನಲ್ಲೇ ಉಳಿದ. ಈ ಸೀಮೆಯ ಜನರ ನಂಬಿಕೆ ಇದು. ಗರ್ಭಗುಡಿಯಲ್ಲಿ ಎರಡು ಲಿಂಗಗಳು ಇಂದಿಗೂ ಜೊತೆಯಲ್ಲೇ ಪೂಜೆಗೊಳ್ಳುತ್ತವೆ.

ರಾಜ್ಯಗಳ ಗಡಿ ಬರುವ ಎಷ್ಟೋ ಮೊದಲೇ ಜನ ಈ ಎರಡು ಊರುಗಳನ್ನು ಒಂದೇ ಕಥೆಯಲ್ಲಿ ಕಟ್ಟಿದ್ದಾರೆ. ಖಿದ್ರಾಪುರಕ್ಕೆ ಹೋಗುವವರು ಯಡೂರನ್ನು ಬಿಡಬೇಡಿ. ಮೊದಲು ನಂದಿಯನ್ನು ಕಂಡು, ಆಮೇಲೆ ಶಿವನಲ್ಲಿಗೆ ಹೋಗಿ. ಎರಡಕ್ಕೂ ಒಂದು ದಿನ ಸಾಕು.