ಒಲ್ಲದ್ದೋ, ಆಗದ್ದೋ?

ಗೋಸುಂಬೆ ಎಂದ ಕೂಡಲೆ ಮೂಗು ಮುರಿಯಬೇಡಿ, ಸೋದರಿಯರೆ. ಪಕ್ಷ ಬದಲಾಯಿಸುವವರ ವಿಷಯ ನಾನು ಹೇಳಹೊರಟಿಲ್ಲ. ಇದು ನಿಜವಾದ ಗೋಸುಂಬೆಯ, ಅದೂ ಊಟ ಬಿಟ್ಟು ಕೂತ ಗೋಸುಂಬೆಯ ಮಾತು. ಮನೆಯಲ್ಲಿ ಯಾರಾದರೂ ತಟ್ಟೆ ಸರಿಸಿ ಎದ್ದರೆ ನಮಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದಲ್ಲ, ಹಾಗಾಗಿ ಇದು ನಮಗೆಲ್ಲ ಬೇಕಾದ ಸಂಗತಿಯೇ.

2023ರ ಚಳಿಗಾಲದಲ್ಲಿ ತಂಗಿಯ ಬಾಣಂತನಕ್ಕೆಂದು ಅಮೆರಿಕದ ಮಿಷಿಗನ್ ರಾಜ್ಯಕ್ಕೆ ಹೋಗಿದ್ದೆ. ಅವಳ ಹಿರಿಮಗನಿಗೆ 11 ವರ್ಷ. ಅವನ ಕೋಣೆಯಲ್ಲೊಂದು ಬಲೆಯ ಗೂಡು, ಗೂಡಿನೊಳಗೆ ಗಿಡ, ಗಿಡದ ಮೇಲೆ ತಲೆಗೆ ಕಿರೀಟವಿಟ್ಟಂಥ ಗೋಸುಂಬೆ. ಮೂಲತಃ ಯೆಮೆನ್, ಸೌದಿ ಅರೇಬಿಯದ ಕಡೆಯ ಜಾತಿ. ಅಮೆರಿಕದಲ್ಲಿ ಮರಿ ಮಾಡಿಸಿ ಮಾರುತ್ತಾರೆ, ಮಕ್ಕಳು ಆಸೆಪಟ್ಟು ಸಾಕುತ್ತಾರೆ.

ಅದರ ಊಟದ ವೈಭವ ಕೇಳಿ. ರಾತ್ರಿ ಕಿರ್ ಕಿರ್ ಎನ್ನುವ ಹುಳುವಿಗೆ ಅಲ್ಲಿ ಕ್ರಿಕೆಟ್ ಎನ್ನುತ್ತಾರೆ. ಅಂಗಡಿಯಲ್ಲಿ ಡಬ್ಬಿಗಟ್ಟಲೆ ಸಿಗುತ್ತದೆ. ಒಂದೊಂದು ಕಣ್ಣನ್ನು ಒಂದೊಂದು ದಿಕ್ಕಿಗೆ ತಿರುಗಿಸುತ್ತ ಕೂತ ಈ ಪ್ರಾಣಿ, ಹುಳು ಕಂಡೊಡನೆ ಎರಡೂ ಕಣ್ಣನ್ನು ಅದರ ಮೇಲೆ ನೆಟ್ಟು ನಾಲಿಗೆಯನ್ನು ಬಾಣದಂತೆ ಬಿಡುತ್ತದೆ. ಬಾಲ ಬಿಟ್ಟು ಮೈ ಎಷ್ಟುದ್ದವೋ ಅದರ ಒಂದೂವರೆ ಪಟ್ಟು ದೂರಕ್ಕೂ ನಾಲಿಗೆ ಹೋದೀತು. ತುದಿಯ ಅಂಟಂತೂ ನಮ್ಮ ಎಂಜಲಿಗಿಂತ ಸುಮಾರು 400 ಪಟ್ಟು ಮಂದವೆಂದು 2016ರಲ್ಲಿ ಬೆಲ್ಜಿಯಂ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಅಳೆದು ಹೇಳಿದ್ದಾರೆ.

ನಾನು ಹೋದ ಎರಡು ವಾರಕ್ಕೆ ಅದು ಊಟ ಬಿಟ್ಟಿತು. "ಪಾಪು ಬಂದಿದ್ದಕ್ಕೆ ಅದಕ್ಕೆ ಸಿಟ್ಟು, ದೊಡ್ಡಮ್ಮ" ಎಂದ ಹುಡುಗ. "ದಿನಾ ಅದೇ ಹುಳು, ಬೇಜಾರಾಗಿರುತ್ತೆ" ಎಂದರು ಅವನಪ್ಪ. "ಹಸಿವಾದ್ರೆ ತಾನೇ ತಿನ್ನುತ್ತೆ, ಬಿಡಕ್ಕ" ಎಂದಳು ತಂಗಿ. ಮೂರೂ ನಾವು ಮಕ್ಕಳ ವಿಷಯದಲ್ಲಿ ಆಡುವ ಮಾತುಗಳೇ, ಅಲ್ಲವೆ?

ಒಂದು ಮಧ್ಯಾಹ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗೂಡಿನ ಮುಂದೆ ಕೂತೆ. ಹುಡುಗ ಹುಳು ಬಿಟ್ಟ. ಗೋಸುಂಬೆಯ ಎರಡು ಕಣ್ಣೂ ಅತ್ತ ತಿರುಗಿದವು. ಮೈ ಮುಂದೆ ಬಾಗಿತು, ಬಾಯಿ ತೆರೆಯಿತು, ನಾಲಿಗೆ ಹೊರಟಿತು. ಎರಡು ಅಂಗುಲ ಹೋಗಿದ್ದೇ ಸೋತು ಹಿಂದೆ ಬಂತು! ಮತ್ತೆ ಹೊಡೆಯಿತು, ಮತ್ತೆ ಹಾಗೇ. "ಇಕ್ಕಳದಲ್ಲಿ ಹುಳು ಹಿಡಿದು ಅದರ ಬಾಯಿಗೇ ಕೊಡೋ" ಎಂದೆ. ಗಬಕ್ಕನೆ ಕಚ್ಚಿ ತಿಂದಿತು. ಬೇಡ ಅನ್ನುವವರು ಹಾಗೆ ತಿಂತಾರೆಯೆ? ಆಸೆ ಇತ್ತು, ನಾಲಿಗೆಗೆ ಶಕ್ತಿ ಇರಲಿಲ್ಲ. ಒಲ್ಲದ್ದು ಬೇರೆ, ಆಗದ್ದು ಬೇರೆ.

ಮರುದಿನವೇ ಹಲ್ಲಿ-ಹಾವುಗಳಿಗೆ ಮದ್ದು ಮಾಡುವ ಪಶುವೈದ್ಯೆಯ ಹತ್ತಿರ ಹೋದೆವು. ಆಕೆ ಮೊದಲು ಕೇಳಿದ್ದು ಹುಳುವಿನ ವಿಷಯವಲ್ಲ, ಗೂಡಿನ ದೀಪದ ವಿಷಯ. "ಎರಡು ವರ್ಷದ್ದು, ಚೆನ್ನಾಗೇ ಉರೀತಿದೆ" ಎಂದ ಹುಡುಗ. ಬೆಳಕು ಉರಿಯುತ್ತದೆ, ಆದರೆ ಬಿಸಿಲಿನ ಬದಲಿಗೆ ಕೊಡುವ ಅತಿನೇರಳೆ ಕಿರಣ ಆರು ತಿಂಗಳಿಂದ ವರ್ಷದೊಳಗೆ ಕುಗ್ಗಿಬಿಡುತ್ತದಂತೆ. ಕಿಟಕಿಯ ಗಾಜು ಆ ಕಿರಣವನ್ನು ಒಳಗೆ ಬಿಡುವುದಿಲ್ಲ. ಕಿರಣವಿಲ್ಲದೆ ಮೈಯಲ್ಲಿ ಡಿ ವಿಟಮಿನ್ ಆಗದು, ಅದಿಲ್ಲದೆ ಸುಣ್ಣದಂಶ ಹತ್ತದು. ಮೂಳೆ ಮೆತ್ತಗಾಗಿ, ನಾಲಿಗೆಯನ್ನು ಚಿಮ್ಮುವ ಸ್ನಾಯು ಸೋಲುತ್ತದೆ. ಎಕ್ಸ್‌ರೇ ತೆಗೆದರೆ ಮುಂಗಾಲಿನ ಮೂಳೆ ಆಗಲೇ ಬಾಗಿತ್ತು. ಇನ್ನೂ ತಡವಾಗಿದ್ದರೆ ಉಳಿಯುವುದು ಕಷ್ಟವಿತ್ತು ಎಂದರು.

ನಮ್ಮಲ್ಲಿ ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲು ಕಾಯಿಸುತ್ತೇವಲ್ಲ? ಹಿಮ ಬೀಳುವ ಆ ಊರಲ್ಲಿ ಬಿಸಿಲೆಲ್ಲಿ? ತಂಗಿಯ ಕೂಸಿಗೆ ದಿನಕ್ಕೆ 400 ಯೂನಿಟ್ ಡಿ ವಿಟಮಿನ್ ಹನಿ ತಪ್ಪದೆ ಹಾಕುತ್ತಿದ್ದೆವು. ಅದೇ ಸೂರಿನಡಿ ಇನ್ನೊಂದು ಜೀವ ಅದಿಲ್ಲದೆ ಸೊರಗುತ್ತಿತ್ತು.

ನಿಮ್ಮ ಬಂಧುಗಳ ಮಕ್ಕಳು ಹೊರದೇಶದಲ್ಲಿ ಇದನ್ನು ಸಾಕಿದ್ದರೆ ಆ ವೈದ್ಯೆಯ ಮಾತನ್ನು ತಿಳಿಸಿ. ನಾಲಿಗೆ ಹುಳುವಿಗೆ ತಾಗಿಯೂ ಅಂಟದಿದ್ದರೆ, ಕಣ್ಣಿನ ರೆಪ್ಪೆಯೂ ಊದಿದ್ದರೆ, ಎ ವಿಟಮಿನ್ ಕೊರತೆ ಇರಬಹುದು. ನಾಲಿಗೆ ಜೋತುಬಿದ್ದು ಒಳಗೆ ಹೋಗದಿದ್ದರೆ ಪೆಟ್ಟಾಗಿರಬಹುದು, ಅಂದೇ ವೈದ್ಯರ ಬಳಿ ಓಡಬೇಕು. ಒಸಡು ಕೆಂಪಾಗಿ ಕೀವು ಕಂಡರೆ ಬಾಯಿಹುಣ್ಣು. ಕಣ್ಣು ಗುಳಿಬಿದ್ದು, ಹಿಕ್ಕೆಯ ಬಿಳಿ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ನೀರು ಸಾಲದು; ಬಟ್ಟಲಲ್ಲಿಟ್ಟ ನೀರನ್ನು ಅದು ಸಾಮಾನ್ಯವಾಗಿ ಮುಟ್ಟದು, ಎಲೆಯ ಮೇಲಿನ ಹನಿಯನ್ನೇ ನೆಕ್ಕುತ್ತದೆ. ಹುಳುವಿನ ಕಡೆ ನೋಡುವುದೇ ಇಲ್ಲವೆಂದರೆ ಗೂಡು ತಣ್ಣಗಿರಬಹುದು, ಇಲ್ಲವೆ ಹೆಣ್ಣು ಮೊಟ್ಟೆ ಕಟ್ಟಿರಬಹುದು. ಗಂಡಿಲ್ಲದೆಯೂ ಅದು ಮೊಟ್ಟೆಯಿಡುತ್ತದೆ, ಇಡಲು ಒದ್ದೆ ಮರಳು ಬೇಕು. ಕೊಡುವ ಹುಳು ಅದರ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡದಿರಬಾರದು. ವಿಟಮಿನ್ನುಗಳನ್ನು ಮಾತ್ರ ನೀವಾಗಿ ಸುರಿಯಬೇಡಿ, ಹೆಚ್ಚಾದರೂ ವಿಷವೇ.

ಹೊಸ ದೀಪ ಬಂತು, ಸುಣ್ಣದ ಔಷಧಿ ಶುರುವಾಯಿತು, ಹುಳುಗಳನ್ನು ಲೋಟದಲ್ಲಿ ಹಾಕಿ ಅದರ ಮೂಗಿನ ಮುಂದೆಯೇ ಹಿಡಿಯುವುದು ಹುಡುಗನ ದಿನದ ಕೆಲಸವಾಯಿತು. ಎರಡು ತಿಂಗಳಲ್ಲಿ ನಾಲಿಗೆ ಅರ್ಧ ದೂರಕ್ಕೆ ಮುಟ್ಟಿತು. ಬಾಗಿದ ಕಾಲು ನೆಟ್ಟಗಾಗಲಿಲ್ಲ. ಆದರೂ ತಾನಾಗಿ ಬೇಟೆಯಾಡಿ ತಿನ್ನುತ್ತದೆ, ಅಷ್ಟು ಸಾಕು.

ನಮ್ಮ ಬಯಲುಸೀಮೆಯ ಹೊಲಗಳಲ್ಲೂ ಗೋಸುಂಬೆ ಇದೆ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಅದಕ್ಕೆ ವಿಷವಿಲ್ಲ, ಮಕ್ಕಳು ಕಲ್ಲೆತ್ತಿದರೆ ತಡೆಯಿರಿ, ಅದರ ಪಾಡಿಗೆ ಅದು ಬೇಲಿಯಲ್ಲಿರಲಿ.

ಇನ್ನು ನಮ್ಮ ಅಡಿಗೆಮನೆಯ ಮಾತು. ಮಗು ತುತ್ತು ಉಗುಳಿದರೆ ಹಟ ಎನ್ನುತ್ತೇವೆ, ಮುದುಕರು ಮುದ್ದೆ ಬಿಟ್ಟರೆ ಬಾಯಿಚಪಲ ಎನ್ನುತ್ತೇವೆ. ಬಾಯಲ್ಲಿ ಹುಣ್ಣೋ, ಅಲ್ಲಾಡುವ ಹಲ್ಲೋ ಇದ್ದೀತು. ನಾಳೆ ಯಾರಾದರೂ ತಟ್ಟೆ ಸರಿಸಿದರೆ "ಯಾಕೆ ಬೇಡ?" ಎಂದು ಗದರುವ ಮೊದಲು, "ಎಲ್ಲಿ, ಆ ಅನ್ನು" ಎಂದು ಒಮ್ಮೆ ಬಾಯಿ ತೆರೆಸಿ ನೋಡಿ.