ಯಾವ ಜನ?

‘ಮನೆ ಬಾಡಿಗೆಗಿದೆ’ ಎಂಬ ಹಲಗೆ ಕಂಡಾಗಲೆಲ್ಲ ನನಗೆ ಜರ್ಮನಿಯ ನ್ಯೂರೆಂಬರ್ಗ್ ನೆನಪಾಗುತ್ತದೆ. ಎಲ್ಲಿಯ ನಂಟು ಎನ್ನುವಿರಾ? 1935ರಲ್ಲಿ ಯೆಹೂದ್ಯರ ಪೌರತ್ವ ಕಿತ್ತುಕೊಂಡ ಕಾಯಿದೆಗಳು ಹೊರಟದ್ದು ಅಲ್ಲಿಂದ. ಅವಕ್ಕೆ ಆ ಊರಿನ ಹೆಸರೇ ಅಂಟಿತು. 2004ರಲ್ಲಿ ಯೂರೋಪಿನ ನಗರಗಳು ಜನಾಂಗದ್ವೇಷದ ವಿರುದ್ಧ ಕೂಟ ಕಟ್ಟಿದ್ದೂ ಅಲ್ಲಿಯೇ. ಕೂಟದ ಹತ್ತು ಅಂಶಗಳಲ್ಲೊಂದು, ವಸತಿಯಲ್ಲಿ ಪಕ್ಷಪಾತ ಸಲ್ಲದೆಂಬುದು.

ಇಷ್ಟು ದೊಡ್ಡ ಕಾರ್ಯದಲ್ಲಿ ಬಾಡಿಗೆ ಮನೆಯ ಮಾತೇಕೆ? ನನ್ನ ವಿದ್ಯಾರ್ಥಿಯೊಬ್ಬನಿಗೆ ಕೋಣೆ ಹುಡುಕುವಾಗ ತಿಳಿಯಿತು. “ಹುಡುಗ ಒಳ್ಳೆಯವನೇ ಮೇಷ್ಟ್ರೇ, ಯಾವ ಜನ?” ಎಂದರು ಮನೆಯ ಯಜಮಾನರು. ಅವನು ಹೇಳಿದ. ಕೋಣೆ ಆಗಲೇ ಕೊಟ್ಟಾಗಿದೆಯೆಂದರು. ಹಲಗೆ ಮಾತ್ರ ಎರಡು ತಿಂಗಳು ತೂಗುತ್ತಲೇ ಇತ್ತು.

ಪೌರತ್ವ ಕಸಿಯಲು ಸರಕಾರ ಬೇಕು; ಬಾಗಿಲು ಮುಚ್ಚಲು ಒಂದು ನಯವಾದ ಸುಳ್ಳು ಸಾಕು. ಆ ಬಾಗಿಲುಗಳಿರುವುದು ಬೀದಿಗಳಲ್ಲಿ. ಅದಕ್ಕೇ ಇರಬೇಕು, ಆ ಕೂಟ ಕಟ್ಟಿದವು ದೇಶಗಳಲ್ಲ, ಊರುಗಳು.